ಹೆರಿಗೆ ವಾರ್ಡಿನ ಸಿಸ್ಟರಿಗೆ ಏನು ಕೊಡೋಣ?

ಸೋದರಿಯರೇ, ಹೆರಿಗೆಗೆ ಹೊರಡುವ ಮುನ್ನ ನಾವು ಕಟ್ಟಿಕೊಳ್ಳುವ ಗಂಟಿನಲ್ಲಿ ಏನೇನಿರುತ್ತದೆ ಹೇಳಿ? ಮೆತ್ತನೆಯ ಹಳೇ ಪಂಚೆಯ ತುಂಡುಗಳು, ಕೂಸಿಗೊಂದು ಕುಲಾವಿ, ಬಿಸಿನೀರಿಗೆ ಫ್ಲಾಸ್ಕು, ತಾಯಿ ಕಾರ್ಡು, ಎರಡು ನೈಟಿ, ಒಂದು ಸೀಸೆ ಕೊಬ್ಬರಿ ಎಣ್ಣೆ. ಇದು ಎಲ್ಲರಿಗೂ ಕಾಣುವ ಗಂಟು. ಜೊತೆಯಲ್ಲಿ ಹೋಗುವ ಅತ್ತೆಯೋ ಅಮ್ಮನೋ ಸೆರಗಿನ ತುದಿಯಲ್ಲಿ ಇನ್ನೊಂದು ಪುಟ್ಟ ಗಂಟು ಹಾಕಿಕೊಂಡಿರುತ್ತಾರೆ. ಅದರಲ್ಲಿ ನೂರರ, ಐನೂರರ ನೋಟುಗಳು. "ಸಿಸ್ಟ್ರಮ್ಮಂಗೆ, ಆಯಮ್ಮಂಗೆ ಕೊಡಾಕೆ ಬೇಕಾಯ್ತದೆ ಕಣವ್ವ" ಎಂದು ದಾರಿಯುದ್ದಕ್ಕೂ ಅದನ್ನು ತಡವಿ ನೋಡಿಕೊಳ್ಳುತ್ತಿರುತ್ತಾರೆ. ಈ ಎರಡನೆಯ ಗಂಟಿನ ವಿಷಯವಾಗಿಯೇ ಇವತ್ತು ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದಿದ್ದೇನೆ.

ಕೊಡಬೇಕೆಂಬ ಮನಸ್ಸು ಒಳ್ಳೆಯದೇ. ಒಂಬತ್ತು ತಿಂಗಳು ಹೊತ್ತದ್ದನ್ನು ಕ್ಷೇಮವಾಗಿ ಮಡಿಲಿಗೆ ಹಾಕಿದವರಿಗೆ ಬರಿಗೈಯಲ್ಲಿ "ಬರ್ತೀವಮ್ಮಾ" ಎಂದು ಹೇಳಿ ಬರಲು ನಮ್ಮ ಹೆಂಗಸರ ಮನಸ್ಸು ಒಪ್ಪುವುದಿಲ್ಲ. ಆದರೆ ಏನು ಕೊಡಬೇಕು, ಯಾವಾಗ ಕೊಡಬೇಕು, ಯಾರ ಕೈಗೆ ಕೊಡಬೇಕು ಎಂಬುದನ್ನು ಮಾತ್ರ ಯಾರೂ ಕೂತು ಯೋಚಿಸುವುದಿಲ್ಲ. ಕಂಪಲಾಪುರದ ನಮ್ಮ ಬೀದಿಯನ್ನೇ ತೆಗೆದುಕೊಳ್ಳಿ. ಹೆರಿಗೆಗೆ ಕೆಲವರು ಪಿರಿಯಾಪಟ್ಟಣಕ್ಕೆ ಹೋಗುತ್ತಾರೆ, ಕೆಲವರು ಹುಣಸೂರಿಗೆ. ಸ್ವಲ್ಪ ತೊಡಕು ಎಂದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಮನೆಗೆ ಬಂದ ಮೇಲೆ ನೋಡಲು ಹೋದವರು ಕೂಸಿನ ಬಣ್ಣ, ಮೂಗು, ತೂಕ ಎಲ್ಲ ವಿಚಾರಿಸಿಕೊಂಡು ಕಡೆಗೆ ಕೇಳುವ ಮಾತು ಒಂದೇ: "ಎಷ್ಟು ಕೊಟ್ರಿ?" ಏನು ಕೊಟ್ರಿ ಎಂದಲ್ಲ ನೋಡಿ, ಎಷ್ಟು ಕೊಟ್ರಿ!

ಸೂಲಗಿತ್ತಿಯ ಮೊರ

ಅಜ್ಜಿಯರ ಕಾಲದಲ್ಲಿ ಈ ಲೆಕ್ಕ ಬೇರೆಯಾಗಿತ್ತು. ನಮ್ಮತ್ತೆಗೆ ಆರು ಹೆರಿಗೆ, ಆರೂ ಮನೆಯ ಒಳಕೋಣೆಯಲ್ಲೇ. ಊರಿನ ಸೂಲಗಿತ್ತಿ ನಡುರಾತ್ರಿ ಕರೆದರೂ ಕಂಬಳಿ ಹೊದ್ದು ಬರುತ್ತಿದ್ದಳಂತೆ. ಹನ್ನೊಂದನೆಯ ದಿನ ಪುರುಡು ಕಳೆದ ಮೇಲೆ ಅವಳನ್ನು ಕರೆದು ಕೂರಿಸಿ, ಹೊಸ ಮೊರದ ತುಂಬ ಅಕ್ಕಿಯನ್ನೋ ರಾಗಿಯನ್ನೋ ಹಾಕಿ, ಮೇಲೆ ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಇಟ್ಟು ಕೊಡುತ್ತಿದ್ದರು. ಅನುಕೂಲಸ್ಥರಾದರೆ ಒಂದು ಸೀರೆ. "ಅವ್ಳ ಕೈಗುಣ ದೊಡ್ದು ಕಣವ್ವ, ಮೊರ ಕೊಟ್ಟಾಗ ನಾವೇ ಕಾಲಿಗೆ ಬೀಳ್ತಿದ್ದೋ" ಎಂದು ಅತ್ತೆ ಈಗಲೂ ನೆನೆಯುತ್ತಾರೆ.

ಆ ಮೊರದಲ್ಲಿ ಎರಡು ಇದ್ದವು. ಒಂದು ಕೂಲಿ, ಇನ್ನೊಂದು ಗೌರವ. ಸೂಲಗಿತ್ತಿಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ. ಆ ಅಕ್ಕಿ ರಾಗಿಯಿಂದಲೇ ಅವಳ ಮನೆಯ ಒಲೆ ಉರಿಯಬೇಕಿತ್ತು. ಕೂಲಿಯನ್ನೇ ಮುಟ್ಟದ ಮಹಾತಾಯಿಯರೂ ಇದ್ದರು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವೆಲ್ಲ ಕೇಳಿರುತ್ತೀರಿ. ಓದು ಬರಹ ಇಲ್ಲದ ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ತೆಗೆದುಕೊಳ್ಳದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಈಗ ಹೆರಿಗೆ ಒಳಕೋಣೆಯಿಂದ ಆಸ್ಪತ್ರೆಗೆ ಹೋಗಿದೆ. ಹೋಗಿದ್ದು ಒಳ್ಳೆಯದೇ ಆಯಿತು. ರಕ್ತ ನಿಲ್ಲದೆ, ಬಾವು ಬಂದು ಎಷ್ಟು ಜನ ಬಾಣಂತಿಯರು ಮನೆಗಳಲ್ಲೇ ಹೋಗಿಬಿಟ್ಟರು ಎಂಬುದು ಹಳಬರನ್ನು ಕೇಳಿದರೆ ತಿಳಿಯುತ್ತದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು, ಹಳ್ಳಿಯ ಬಡ ತಾಯಿ ಆಸ್ಪತ್ರೆಯಲ್ಲಿ ಹೆತ್ತರೆ ನಮ್ಮ ರಾಜ್ಯದಲ್ಲಿ 700 ರೂಪಾಯಿ ಎಂದಾಯಿತು. ಜೊತೆಗೆ ಕರೆದುಕೊಂಡು ಹೋಗಲು ಆಶಾ ಕಾರ್ಯಕರ್ತೆ ಬಂದಳು. 2008ರಿಂದ 108ರ ಗಾಡಿ ಮನೆ ಬಾಗಿಲಿಗೇ ಬರತೊಡಗಿತು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ ಎಲ್ಲ ಪುಕ್ಕಟೆ. ಊಟವನ್ನೂ ಸಹಜ ಹೆರಿಗೆಗೆ ಮೂರು ದಿನ, ಸಿಜೇರಿಯನ್ನಿಗೆ ಏಳು ದಿನ ಕೊಡಬೇಕೆಂದು ನಿಯಮವಾಯಿತು. ಸೂಲಗಿತ್ತಿಯ ಜಾಗದಲ್ಲಿ ಸಿಸ್ಟರ್ ಬಂದರು. ಸರ್ಕಾರಿ ಕಾಗದದಲ್ಲಿ ಅವರನ್ನು ಈಗ ಶುಶ್ರೂಷಾಧಿಕಾರಿ ಎನ್ನುತ್ತಾರೆ, ನಮ್ಮ ಬಾಯಲ್ಲಿ ಮಾತ್ರ ಅವರು ಸಿಸ್ಟರೇ. ಅವರಿಗೆ ಸಂಬಳವಿದೆ. ಹಾಗಾದ ಮೇಲೆ ಮೊರದೊಳಗಿನ ಕೂಲಿ ತೀರಿತು. ಗೌರವ ಒಂದು ಉಳಿಯಿತು. ನಾವು ಮಾತ್ರ ಕೂಲಿಯನ್ನೇ ಹಿಡಿದುಕೊಂಡು, ಗೌರವವನ್ನು ಎಲ್ಲೋ ಬಿಟ್ಟು ಬಂದಿದ್ದೇವೆ ಎಂದು ನನಗೆ ಅನ್ನಿಸುತ್ತದೆ.

ನೋಟಿನ ಗಂಟು ಬೇಡ

ಯಾಕೆ ಬೇಡ ಎಂದು ಹೇಳುತ್ತೇನೆ ಕೇಳಿ. ಕೆಲವು ವರ್ಷಗಳ ಕೆಳಗೆ ನಮ್ಮ ನಾದಿನಿಯ ಹೆರಿಗೆಗೆ ಹೋಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ಒಳಗಿನಿಂದ ಕೂಸಿನ ಅಳು ಕೇಳಿಸಿತು, ಎಲ್ಲರೂ ಬಾಗಿಲಿಗೆ ಓಡಿದೆವು. ಆಯಾ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಬಾಗಿಲಲ್ಲೇ ನಿಂತಳು. "ಗಂಡಾದ್ರೆ ಸಾವ್ರ ಈಸ್ಕೊತೀವಿ. ಇದು ಹೆಣ್ಣು, ಐನೂರು ಕೊಡಿ ಸಾಕು" ಎಂದಳು. ಉಪಕಾರ ಮಾಡುವ ಹಾಗೆ ಹೇಳಿದಳು! ಹುಟ್ಟಿ ಇನ್ನೂ ಅರ್ಧ ಗಂಟೆಯಾಗಿಲ್ಲ, ಆ ಕೂಸಿನ ಬೆಲೆ ಅರ್ಧಕ್ಕೆ ಇಳಿಯಿತು. ನಮ್ಮ ಯಜಮಾನರು ಜೇಬಿಗೆ ಕೈ ಹಾಕಿದರು, ಕೊಟ್ಟದ್ದಾಯಿತು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಕೂಲಿಯ ಹುಡುಗನ ಕೈಯಲ್ಲಿ ನೂರೈವತ್ತು ರೂಪಾಯಿ ಮಾತ್ರ ಇತ್ತು. ಅವನ ಹೆಂಡತಿಗೂ ಅದೇ ಬೆಳಗ್ಗೆ ಹೆರಿಗೆಯಾಗಿತ್ತು. ಅವನು ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಯಾರಿಗೋ ಫೋನು ಮಾಡಿ ಸಾಲ ಕೇಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಯೋಚಿಸಿ ನೋಡಿ. ಅನುಕೂಲವಿರುವವರು ಸಂತೋಷಕ್ಕೆ ಐನೂರು ಕೊಟ್ಟರೆ ಅದು ಮಾರನೆಯ ದಿನಕ್ಕೆ ದರವಾಗುತ್ತದೆ. ಎಚ್.ಡಿ. ಕೋಟೆ ಕಡೆಯ ಹಾಡಿಯಿಂದಲೋ, ಹೊಗೆಸೊಪ್ಪಿನ ಬ್ಯಾರನ್ನಿನ ಕೂಲಿಯಿಂದಲೋ ಬಂದ ಹೆಂಗಸಿನ ಹತ್ತಿರವೂ ಅದೇ ದರ ಕೇಳುತ್ತಾರೆ. ಕೊಡದಿದ್ದರೆ ಎಲ್ಲಿ ಗದರುತ್ತಾರೋ, ಎಲ್ಲಿ ನೋವಿನಲ್ಲಿ ನೋಡದೆ ಬಿಡುತ್ತಾರೋ ಎಂಬ ಹೆದರಿಕೆಗೆ ಆಸ್ಪತ್ರೆಗೇ ತಡವಾಗಿ ಹೊರಡುವವರು ಇದ್ದಾರೆ. ತಡವಾದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನೂ ಇದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯನ್ನು 2018ರಲ್ಲಿ ತಿದ್ದಿದರು. ಸರ್ಕಾರಿ ನೌಕರರಿಗೆ ಲಂಚ ಕೊಡುವುದೂ ಈಗ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು, ಆಗ ಕೊಟ್ಟವರಿಗೆ ತೊಂದರೆಯಿಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ಲೋಕಾಯುಕ್ತದ ಫಲಕ ಹಾಕಿರುತ್ತಾರೆ, ಓದಿಕೊಳ್ಳಿ. ಯಾರಾದರೂ ಬಾಯಿಬಿಟ್ಟು ಕೇಳಿದರೆ "ವೈದ್ಯಾಧಿಕಾರಿಗಳ ಹತ್ರ ಕೇಳ್ಕೊಂಡು ಬರ್ತೀನಿ" ಎಂದು ಮೆಲ್ಲಗೆ ಹೇಳಿ ನೋಡಿ. ನಮ್ಮ ಬೀದಿಯ ಗಟ್ಟಿಗಿತ್ತಿಯೊಬ್ಬಳು ಹೀಗೆ ಹೇಳಿದ್ದಕ್ಕೆ ಕೂಸು ತಕ್ಷಣ ಕೈಗೆ ಬಂತಂತೆ.

ಇಷ್ಟು ಹೇಳಿದೆನೆಂದು ಎಲ್ಲ ಸಿಸ್ಟರುಗಳೂ ಹೀಗೇ ಎಂದು ದಯವಿಟ್ಟು ತಿಳಿಯಬೇಡಿ. ದುಡ್ಡು ಚಾಚಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂಥವರ ಕೈಗೆ ನೋಟು ತುರುಕುವುದು ಗೌರವವಲ್ಲ, ಅವಮಾನ.

ನಾವು ನೋಡದ ಕೆಲಸ

ಏನು ಕೊಡಬೇಕೆಂದು ತಿಳಿಯಬೇಕಾದರೆ ಅವರು ಏನು ಮಾಡಿದರೆಂದು ಮೊದಲು ತಿಳಿಯಬೇಕು. ನೋವಿನಲ್ಲಿದ್ದಾಗ ನಮಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ? ನೋವು ಬಲವಾದ ಮೇಲೆ ಅರ್ಧ ಗಂಟೆಗೊಮ್ಮೆ ಹೊಟ್ಟೆಯ ಮೇಲೆ ಯಂತ್ರವಿಟ್ಟು ಕೂಸಿನ ಎದೆಬಡಿತ ಎಣಿಸುತ್ತಾರೆ. ಬಿ.ಪಿ., ನಾಡಿ ನೋಡಿ ಕಾಗದದಲ್ಲಿ ಬರೆಯುತ್ತಾರೆ. ಕೂಸು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ರಕ್ತ ಹೆಚ್ಚು ಹೋಗದಂತೆ ಇಂಜೆಕ್ಷನ್ ಹಾಕಬೇಕು. ಕೂಸನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಒಂದು ಗಂಟೆಯೊಳಗೆ ಹಾಲು ಕುಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸ ಆಮೇಲೆ. ಹೆರಿಗೆಯಾದ ಮೊದಲ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಬಂದು ಹೊಟ್ಟೆ ಒತ್ತಿ ನೋಡಿ, ರಕ್ತ ಎಷ್ಟು ಹೋಗುತ್ತಿದೆ ಎಂದು ಪರೀಕ್ಷಿಸುತ್ತಾರೆ. ನಾವು ಸುಸ್ತಾಗಿ ಕಣ್ಣು ಮುಚ್ಚಿರುತ್ತೇವೆ, "ಮಲಗಾಕೂ ಬುಡಲ್ಲ ಈವಮ್ಮ" ಎಂದು ಗೊಣಗುತ್ತೇವೆ. ತಾಯಂದಿರು ಹೆಚ್ಚಾಗಿ ಪ್ರಾಣ ಕಳೆದುಕೊಳ್ಳುವುದು ರಕ್ತಸ್ರಾವದಿಂದ. ಅದು ಶುರುವಾಗುವುದೂ ಬಹಳ ಸಲ ಈ ಹೊತ್ತಿನಲ್ಲೇ. ನಿಮ್ಮನ್ನು ಮಲಗಲು ಬಿಡದ ಆ ಕೈಯನ್ನು ಸ್ವಲ್ಪ ನೆನೆದುಕೊಳ್ಳಿ.

ರಾತ್ರಿ ಪಾಳಿಯಲ್ಲಿ ಇದನ್ನೆಲ್ಲ ಮಾಡುವವರು ಒಬ್ಬರೋ ಇಬ್ಬರೋ. ಒಂದೇ ಸಲಕ್ಕೆ ಮೂವರು ನೋವು ತಿನ್ನುತ್ತಿದ್ದರೆ ಆ ಸಿಸ್ಟರ್ ಊಟದ ಡಬ್ಬಿ ಬಿಚ್ಚುವುದು ಯಾವಾಗ?

ಡಬ್ಬಿ ತುಂಬ ತಿಂಡಿ

ಅದಕ್ಕೇ ನನ್ನ ಮೊದಲ ಮತ ತಿಂಡಿಗೆ. ತಿಂಡಿಯಲ್ಲಿ ಇನ್ನೊಂದು ಗುಣವಿದೆ. ಅದನ್ನು ಒಬ್ಬರೇ ಇಟ್ಟುಕೊಳ್ಳಲಾಗುವುದಿಲ್ಲ. ಮೇಜಿನ ಮೇಲೆ ಡಬ್ಬಿ ಇಟ್ಟರೆ ಸಿಸ್ಟರ್, ಆಯಾ, ಕಸ ಗುಡಿಸುವಾಕೆ, ಔಷಧಿ ಕೊಡುವವರು, ಎಲ್ಲರ ಕೈಯೂ ಅದಕ್ಕೆ ಹೋಗುತ್ತದೆ. ದರವೂ ಆಗುವುದಿಲ್ಲ. "ನಿಮ್ಮ ಪಕ್ಕದೋರು ಒಂದು ಡಬ್ಬಿ ಅವಲಕ್ಕಿ ಕೊಟ್ರು, ನೀವೂ ಕೊಡಿ" ಎಂದು ಯಾರು ಕೇಳುತ್ತಾರೆ?

ಆದರೆ ಎಂಥ ತಿಂಡಿ? ಮಗು ಆಯಿತೆಂದರೆ ಸಾಕು, ಎಲ್ಲರೂ ಮೈಸೂರು ಪಾಕು, ಪೇಡ, ಲಾಡು. ವಾರ್ಡಿನಲ್ಲಿ ದಿನಾ ಹೆರಿಗೆ, ದಿನಾ ಸಿಹಿ. ನಲವತ್ತು ದಾಟಿದ ಸಿಸ್ಟರುಗಳಲ್ಲಿ ಸಕ್ಕರೆ ಕಾಯಿಲೆ ಇರುವವರೂ ಉಂಟು. ಬಜ್ಜಿ, ಬೋಂಡ ಬೇಡ, ಜಿಡ್ಡಿನ ಕೈಯಲ್ಲಿ ಕೇಸ್ ಶೀಟ್ ಮುಟ್ಟುವುದು ಹೇಗೆ? ಚಿತ್ರಾನ್ನ, ಪಲಾವು ತಂದರೆ ತಟ್ಟೆ ಚಮಚ ಬೇಕು, ಸಂಜೆಗೆ ಹಳಸುತ್ತದೆ. ಮತ್ತೆ ಒಂದು ಮಾತು: ಸಿಜೇರಿಯನ್ನಿಗೆಂದು ಉಪವಾಸ ಮಲಗಿಸಿದ ಹೆಂಗಸರು ಪಕ್ಕದಲ್ಲೇ ಇರುತ್ತಾರೆ. ಅವರ ಮೂಗಿಗೆ ಒಗ್ಗರಣೆ ಘಮ ಹೊಡೆಸುವುದು ಪಾಪ! ಒಣ ತಿಂಡಿ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಓಡುವಂಥದ್ದು, ಎಂಟು ಹತ್ತು ದಿನ ಕೆಡದಂಥದ್ದು ಬಹಳ ಉತ್ತಮ. ನಾನು ಮಾಡುವ ಎರಡನ್ನು ಹೇಳಿಕೊಡುತ್ತೇನೆ.

ಖಾರದ ಅವಲಕ್ಕಿ: ತೆಳು ಅವಲಕ್ಕಿ ಅರ್ಧ ಕೆ.ಜಿ., ಕಡಲೆಕಾಯಿ ಬೀಜ 150 ಗ್ರಾಂ, ಹುರಿಗಡಲೆ 100 ಗ್ರಾಂ, ತೆಳ್ಳಗೆ ಹೆಚ್ಚಿದ ಕೊಬ್ಬರಿ ಅರ್ಧ ಗಿಟುಕು, ಕರಿಬೇವು ಎರಡು ಹಿಡಿ, ಅಚ್ಚಖಾರದ ಪುಡಿ ಎರಡು ಟೀ ಚಮಚ, ಅರಿಶಿನ ಅರ್ಧ ಚಮಚ, ಇಂಗು ಚಿಟಿಕೆ, ಸಕ್ಕರೆ ಪುಡಿ ಎರಡು ಚಮಚ, ರುಚಿಗೆ ಉಪ್ಪು, ಕಡಲೆಕಾಯಿ ಎಣ್ಣೆ ಆರೇಳು ದೊಡ್ಡ ಚಮಚ. ಅವಲಕ್ಕಿಯನ್ನು ಮೊದಲು ಒಂದು ಗಂಟೆ ಬಿಸಿಲಿಗೆ ಹರಡಿ. ಮಳೆಗಾಲವಾದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದಂತೆ, ಎರಡು ಮೂರು ಸಲವಾಗಿ ಗರಿಗರಿ ಹುರಿದಿಡಿ. ಎಣ್ಣೆ ಕಾಯಿಸಿ ಕಡಲೆಕಾಯಿ ಬೀಜ ಕೆಂಪಗೆ ಕರಿದು, ಕೊಬ್ಬರಿ, ಹುರಿಗಡಲೆ, ಕರಿಬೇವು ಹಾಕಿ. ಕರಿಬೇವು ಮುಟ್ಟಿದರೆ ಪುಡಿಯಾಗಬೇಕು. ಅದರಲ್ಲಿ ನೀರಿನಂಶ ಉಳಿದರೆ ಮೂರನೇ ದಿನಕ್ಕೆ ಎಲ್ಲ ಮೆತ್ತಗಾಗುತ್ತದೆ. ಉರಿ ಆರಿಸಿ ಇಂಗು, ಅರಿಶಿನ, ಖಾರದ ಪುಡಿ, ಉಪ್ಪು ಹಾಕಿ, ಅವಲಕ್ಕಿ ಸುರಿದು ಹಗುರವಾಗಿ ಬೆರೆಸಿ. ಪೂರಾ ತಣ್ಣಗಾದ ಮೇಲೆ ಸಕ್ಕರೆ ಪುಡಿ ಬೆರೆಸಿ ಡಬ್ಬಿಗೆ ತುಂಬಿ.

ಕಡಲೆಕಾಯಿ ಉಂಡೆ: ಬೀಜ ಅರ್ಧ ಕೆ.ಜಿ. ಹುರಿದು, ಸಿಪ್ಪೆ ಊದಿ, ಬೇಳೆ ಮಾಡಿಕೊಳ್ಳಿ. 400 ಗ್ರಾಂ ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಶೋಧಿಸಿ, ಮತ್ತೆ ಒಲೆಯ ಮೇಲಿಡಿ. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಉರುಟಿ ತಟ್ಟೆಗೆ ಎಸೆದರೆ 'ಠಣ್' ಎನ್ನಬೇಕು. ಆಗ ಏಲಕ್ಕಿ ಪುಡಿ, ಬೀಜ ಹಾಕಿ ಕಲಸಿ, ಕೈಗೆ ತುಪ್ಪ ಸವರಿಕೊಂಡು ಬಿಸಿಯಿರುವಾಗಲೇ ನಿಂಬೆಗಾತ್ರದ ಉಂಡೆ ಕಟ್ಟಿ. ದೊಡ್ಡದು ಕಟ್ಟಬೇಡಿ, ಒಂದೇ ಬಾಯಿಗೆ ಆಗಬೇಕು.

ಎರಡನ್ನೂ ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಏನು, ಯಾವತ್ತು ಮಾಡಿದ್ದು ಎಂದು ಬರೆಯಿರಿ. ಕಡಲೆಕಾಯಿ ಒಗ್ಗದವರು ಇರುತ್ತಾರೆ, ಅದನ್ನೂ ಬರೆದರೆ ಒಳ್ಳೆಯದು. ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಮನೆಯ ತಿಂಡಿ ಒಳಗೆ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಅಂಥ ಕಡೆ ನಂಜನಗೂಡು ರಸಬಾಳೆಯ ಚಿಪ್ಪೋ, ಸೀಲು ಮಾಡಿದ ಬಿಸ್ಕತ್ತೋ ಆಗುತ್ತದೆ. ಮುಖ್ಯವಾದ ಇನ್ನೊಂದು ಮಾತು: ಡಬ್ಬಿಯನ್ನು ವಾಪಸು ಕೇಳಬೇಡಿ! ಕೊಡುವಾಗಲೇ ಹಳೇ ಹಾರ್ಲಿಕ್ಸ್ ಸೀಸೆಯೋ ಪ್ಲಾಸ್ಟಿಕ್ ಡಬ್ಬಿಯೋ ನೋಡಿಕೊಂಡು ತುಂಬಿಸಿ.

ಸೀರೆ, ಬಳೆ, ಹೂವು?

ಸೀರೆ ಕೊಡುವ ಆಸೆ ನಮ್ಮವರಿಗೆ ಬಹಳ. ನನಗೇನೋ ಸರಿ ಕಾಣದು. ಮೂರು ಪಾಳಿಯಲ್ಲಿ ಆರೇಳು ಜನ ನೋಡಿಕೊಂಡಿರುತ್ತಾರೆ, ಕೂಸು ಹುಟ್ಟಿದ ಗಳಿಗೆಯಲ್ಲಿದ್ದ ಒಬ್ಬರಿಗೆ ಸೀರೆ, ರಾತ್ರಿಯಿಡೀ ಕಷ್ಟಪಟ್ಟು ಬೆಳಗ್ಗೆ ಪಾಳಿ ಮುಗಿಸಿ ಹೋದವರಿಗೆ ಏನೂ ಇಲ್ಲ. ಕುಪ್ಪಸದ ಕಣದ ಕಥೆ ನಿಮಗೆ ಗೊತ್ತೇ ಇದೆ. ನಾವು ಕೊಟ್ಟ ಕಣ ಹತ್ತು ಮನೆ ಸುತ್ತಿ ಯಾವುದೋ ಗೃಹಪ್ರವೇಶದಲ್ಲಿ ನಮ್ಮ ಮಡಿಲಿಗೇ ಬಂದು ಬೀಳುತ್ತದೆ. ಗಾಜಿನ ಬಳೆ ಹೆರಿಗೆ ಕೋಣೆಯಲ್ಲಿ ತೊಡುವಂತಿಲ್ಲ. ಹೂವಿಗೂ ಅಲ್ಲಿ ಜಾಗವಿಲ್ಲ. ಪಾಳಿ ಮುಗಿಸಿ ಹೊರಡುವಾಗ ಒಂದು ಮೊಳ ಮೈಸೂರು ಮಲ್ಲಿಗೆ ಕೈಗೆ ಕೊಟ್ಟರೆ ಅದರ ಸೊಗಸೇ ಬೇರೆ. ಆದರೆ ಮುಡಿಯುತ್ತಾರೋ ಇಲ್ಲವೋ ಕೇಳಿಕೊಂಡು ಕೊಡಿ. ಕೇರಳದಿಂದ ಬಂದ ಸಿಸ್ಟರುಗಳು, ಕ್ರೈಸ್ತರು, ಮುಸಲ್ಮಾನರು ಎಲ್ಲರೂ ಇರುತ್ತಾರೆ. ಅರಿಶಿನ ಕುಂಕುಮವನ್ನು ಎಲ್ಲರ ಮುಂದೆಯೂ ಒಂದೇ ಸಮನೆ ಚಾಚಿ ಅವರಿಗೂ ಮುಜುಗರ, ನಮಗೂ ಮುಜುಗರ ಆಗುವುದು ಬೇಡ.

ವಸ್ತುವೇ ಕೊಡಬೇಕೆಂದರೆ ಸಣ್ಣದು, ಎಲ್ಲರಿಗೂ ಸಮವಾಗಿ ಹಂಚಲು ಬರುವಂಥದ್ದು ನೋಡಿ. ಪೆನ್ನು! ನಗಬೇಡಿ. ಪುಟಗಟ್ಟಲೆ ಬರೆಯುವವರು ಅವರು. ಡಾಕ್ಟರು ಬಂದು ಒಂದು ಪೆನ್ನು ಕೇಳಿ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ರೋಗಿಯ ಕಡೆಯವರು ಸಹಿ ಹಾಕಿ ಇನ್ನೊಂದು ತೆಗೆದುಕೊಂಡು ಹೋಗುತ್ತಾರೆ. ನೀಲಿ, ಕಪ್ಪು ಪೆನ್ನುಗಳ ಒಂದು ಡಬ್ಬಿ ಕೊಟ್ಟರೆ ಅವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ. ದಿನಕ್ಕೆ ಎಷ್ಟೋ ಸಲ ಸೋಪು, ಸ್ಪಿರಿಟ್ಟಿನಲ್ಲಿ ಕೈ ತೊಳೆದು ತೊಳೆದು ಅವರ ಕೈ ಬಿರುಕು ಬಿಟ್ಟಿರುತ್ತದೆ. ವಾಸನೆಯಿಲ್ಲದ, ಕೈಗೆ ಹಚ್ಚುವ ಕ್ರೀಮಿನ ಒಂದು ದೊಡ್ಡ ಸೀಸೆ ವಾರ್ಡಿಗೆಲ್ಲ ಬರುತ್ತದೆ. ತಲೆಗೊಂದೊಂದು ಕೊಡುವ ಶಕ್ತಿಯಿದ್ದರೆ ಮೈಸೂರು ಸ್ಯಾಂಡಲ್ ಸೋಪು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ ಬಂದ ನಮ್ಮದೇ ಸೋಪು, ಯಾವ ಜಾತಿ ಮತದವರಿಗೂ ಆಗುತ್ತದೆ. ಆರೇಳು ಮನೆಯವರು ಸೇರಿದರೆ ಹೆರಿಗೆ ಕೋಣೆಗೆ ಸೆಕೆಂಡು ಮುಳ್ಳಿನ ಒಂದು ಗೋಡೆ ಗಡಿಯಾರವನ್ನೋ, ದೊಡ್ಡ ಫ್ಲಾಸ್ಕನ್ನೋ ವೈದ್ಯಾಧಿಕಾರಿಗಳ ಅನುಮತಿ ಕೇಳಿ ಕೊಡಬಹುದು. ಅದರ ಮೇಲೆ ದಾನಿಗಳ ಹೆಸರು ದೊಡ್ಡದಾಗಿ ಬರೆಸಬೇಡಿ, ದೇವಸ್ಥಾನದ ಟ್ಯೂಬ್‌ಲೈಟಿನ ಹಾಗಾಗುತ್ತದೆ.

ಸಿಸ್ಟರ್ ಕೈಯಿಂದ ಇನ್ನೊಬ್ಬಳಿಗೆ

ನನಗೆ ತೀರಾ ಇಷ್ಟವಾದ ಉಡುಗೊರೆ ಇದು. ಹುಟ್ಟಿದ ಕೂಸಿನ ಮೈಶಾಖ ತಲೆಯಿಂದಲೇ ಬೇಗ ಹೋಗುತ್ತದೆ, ಅದಕ್ಕೇ ಒರೆಸಿದ ಕೂಡಲೇ ಸಿಸ್ಟರ್ ಕುಲಾವಿ ಎಲ್ಲಿ ಎಂದು ಕೇಳುತ್ತಾರೆ. ನಡುರಾತ್ರಿ ಉಟ್ಟ ಸೀರೆಯಲ್ಲೇ 108 ಹತ್ತಿ ಬಂದವಳ ಹತ್ತಿರ ಕುಲಾವಿ ಎಲ್ಲಿಂದ ಬರಬೇಕು? ಸರ್ಕಾರವೇ 2007ರಲ್ಲಿ ಮಡಿಲು ಎಂಬ ಯೋಜನೆ ತಂದು, ಬಡ ತಾಯಂದಿರಿಗೆ ಕೂಸಿನ ಬಟ್ಟೆಬರೆ, ಸೋಪು, ಎಣ್ಣೆ, ಸೊಳ್ಳೆಪರದೆ ಸೇರಿಸಿ ಒಂದು ಚೀಲ ಕೊಡಲು ಶುರುಮಾಡಿತ್ತು. ಮಡಿಲು ತುಂಬುವುದು ತವರಿನ ಕೆಲಸವಲ್ಲವೇ, ಹೆಸರು ಎಷ್ಟು ಚೆನ್ನಾಗಿ ಇಟ್ಟಿದ್ದರು!

ಬಸುರಿಯಾಗಿ ಮನೆಯಲ್ಲಿ ಕೂತ ದಿನಗಳಲ್ಲಿ ನಿಮ್ಮ ಕೂಸಿಗೆ ಒಂದು ಕುಲಾವಿ ಹೆಣೆಯುವಾಗ ಜೊತೆಗೆ ಇನ್ನು ನಾಲ್ಕು ಹೆಣೆಯಿರಿ. ಹೆಣೆಯಲು ಬಾರದವರು ಹತ್ತಿಯ ಬನಿಯನ್ ಬಟ್ಟೆಯಲ್ಲಿ ಹೊಲಿಯಿರಿ. ಸುತ್ತಳತೆ ಹನ್ನೆರಡು ಅಂಗುಲ, ಎತ್ತರ ಆರು ಅಂಗುಲ, ಸ್ವಲ್ಪ ಹಿಗ್ಗುವ ಹಾಗಿರಲಿ. ದಾರ, ಗುಂಡಿ, ಮಣಿ ಏನೂ ಬೇಡ, ಕೂಸಿನ ಕತ್ತಿಗೆ ಬಾಯಿಗೆ ಸಿಗುತ್ತದೆ. ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಹೊಸ ಕವರಿನಲ್ಲಿ ಹಾಕಿ ಸಿಸ್ಟರ ಕೈಗೆ ಕೊಡಿ. "ಏನೂ ತರದೆ ಬಂದೋರಿಗೆ ನೀವೇ ಕೊಡಿ ಸಿಸ್ಟರ್" ಎನ್ನಿ. ಹಿಂದಿನ ವರ್ಷ ನಮ್ಮ ಚಿಕ್ಕಮ್ಮನ ಮಗಳು ಹೀಗೆ ಆರು ಕುಲಾವಿ ಕೊಟ್ಟು ಬಂದಳು. ಅವಳು ಮನೆಗೆ ಹೊರಡುವ ಮೊದಲೇ ಎರಡು ಖರ್ಚಾಗಿದ್ದವು. ಅದರಲ್ಲಿ ಒಂದು ಹಾಡಿಯ ಹುಡುಗಿಯ ಅವಳಿ ಮಕ್ಕಳಲ್ಲಿ ಒಂದಕ್ಕೆ, ಇನ್ನೊಂದು ಅದರ ಜೊತೆಯದಕ್ಕೆ.

ಒಂದು ಹಾಳೆ ಕಾಗದ

ಖರ್ಚಿಲ್ಲದ ಉಡುಗೊರೆಯೂ ಒಂದಿದೆ. ನಾವು ಬೈಯಬೇಕಾದಾಗ ವೈದ್ಯಾಧಿಕಾರಿಗಳ ಕೋಣೆಗೆ ನುಗ್ಗುತ್ತೇವೆ, ಹೊಗಳಬೇಕಾದಾಗ ಮನೆಗೆ ಬಂದು ಜಗಲಿಯ ಮೇಲೆ ಹೊಗಳುತ್ತೇವೆ. ಜಗಲಿಯ ಹೊಗಳಿಕೆ ಸಿಸ್ಟರಿಗೆ ಹೇಗೆ ತಲುಪಬೇಕು? ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಹೆಸರು ಬರೆದುಕೊಳ್ಳಿ. ಓದು ಕಡಿಮೆ ಎಂದು ಸಂಕೋಚ ಬೇಡ, ನಾನೂ ಹೈಸ್ಕೂಲೇ. ಹೀಗೆ ಬರೆದರೆ ಸಾಕು:

"ವೈದ್ಯಾಧಿಕಾರಿಗಳಿಗೆ ನಮಸ್ಕಾರ. ಇಂಥ ತಾರೀಕು ರಾತ್ರಿ ನಿಮ್ಮ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾಯಿತು. ಅಂದು ಪಾಳಿಯಲ್ಲಿದ್ದ ಇಂಥ ಸಿಸ್ಟರ್ ಬೆಳಗಿನ ತನಕ ನನ್ನ ಪಕ್ಕದಲ್ಲೇ ಇದ್ದು ಧೈರ್ಯ ಹೇಳಿದರು. ಗದರಲಿಲ್ಲ. ಹಣ ಕೇಳಲಿಲ್ಲ. ಇಂಥ ಆಯಮ್ಮನವರು ನನ್ನನ್ನು ಶುಚಿ ಮಾಡಿ ಬಟ್ಟೆ ಬದಲಿಸಿದರು. ಇಬ್ಬರಿಗೂ ನಮ್ಮ ಮನೆಯವರೆಲ್ಲರ ಕೃತಜ್ಞತೆ ತಿಳಿಸಬೇಕಾಗಿ ವಿನಂತಿ."

"ಗದರಲಿಲ್ಲ, ಹಣ ಕೇಳಲಿಲ್ಲ" ಎಂಬ ಎರಡು ಮಾತನ್ನು, ಅದು ನಿಜವಾದರೆ, ಬಿಡದೆ ಬರೆಯಿರಿ. ಕೇಳುವವರಿಗೂ ಅದು ಮುಟ್ಟುತ್ತದೆ. ಒಂದು ಪ್ರತಿ ಸಿಸ್ಟರಿಗೂ ಕೊಡಿ. ಗುತ್ತಿಗೆಯ ಮೇಲೆ ಕೆಲಸ ಮಾಡುವ ಚಿಕ್ಕ ವಯಸ್ಸಿನ ಸಿಸ್ಟರುಗಳಿಗೆ ಇಂಥ ಕಾಗದ ಎಷ್ಟು ಬೆಲೆಯದ್ದೆಂದು ನಾನು ಹೇಳಬೇಕಿಲ್ಲ. ಮೇ 12 ದಾದಿಯರ ದಿನ, 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಮೇ 5 ಸೂಲಗಿತ್ತಿಯರ ದಿನ. ಹೆರಿಗೆಯಾದಾಗ ಬರೆಯಲು ಆಗದವರು ಆವತ್ತು ಬರೆದು ಕಳಿಸಬಹುದು.

ಇನ್ನು ಮಾತಾಡಲು ಕಷ್ಟವಾದ ಒಂದು ವಿಷಯ. ಕೂಸು ಉಳಿಯದ ಹೆರಿಗೆಗೂ ಸಿಸ್ಟರ್ ಅಷ್ಟೇ ಕಷ್ಟಪಟ್ಟಿರುತ್ತಾರೆ, ಒಂದೊಂದು ಸಲ ಹೆಚ್ಚೇ. ಆವತ್ತು ಯಾರೂ ಸಿಹಿ ಹಂಚುವುದಿಲ್ಲ, ಎಲ್ಲರೂ ತಲೆ ತಗ್ಗಿಸಿ ಹೊರಟುಬಿಡುತ್ತಾರೆ. ನನ್ನ ಓರಗಿತ್ತಿಯ ತಂಗಿಗೆ ಹಾಗಾಯಿತು. ಎರಡು ತಿಂಗಳಾದ ಮೇಲೆ ಅವಳು ಅದೇ ವಾರ್ಡಿಗೆ ಹೋಗಿ, ಆವತ್ತು ರಾತ್ರಿ ತನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸಿಸ್ಟರನ್ನು ಹುಡುಕಿ, ಹಿತ್ತಲಲ್ಲಿ ಬಿಟ್ಟ ನಾಲ್ಕು ಸೀಬೆಹಣ್ಣು ಕೊಟ್ಟಳಂತೆ. ಇಬ್ಬರಿಗೂ ಮಾತು ಬರಲಿಲ್ಲವಂತೆ. "ಮುಂದಿನ ಸಲ ಮೂರು ತಿಂಗಳಿಗೇ ಬಂದು ನನ್ನ ಕಾಣು" ಎಂದಷ್ಟೇ ಸಿಸ್ಟರ್ ಹೇಳಿದರಂತೆ. ಈಗ ಅವಳಿಗೆ ಒಂದು ಗಂಡು ಮಗುವಿದೆ, ಅಂಗನವಾಡಿಗೆ ಹೋಗುತ್ತದೆ.

ಯಾವಾಗ ಕೊಡಬೇಕೆಂದರೆ, ಮೊದಲು ಕೊಡಬೇಡಿ. ಹೆರಿಗೆಗೆ ಮುಂಚೆ ಕೊಟ್ಟದ್ದು ಏನೇ ಆಗಲಿ, ಒಂದು ಉಂಡೆಯೇ ಆಗಲಿ, ಅದಕ್ಕೆ ಬೇರೆ ಹೆಸರು ಬರುತ್ತದೆ. ಮನೆಗೆ ಹೊರಡುವ ದಿನ, ಚೀಟಿ ಬರೆಸಿಕೊಂಡು ಎಲ್ಲ ಮುಗಿದ ಮೇಲೆ ಕೊಡಿ. ಗಂಡಾದರೂ ಹೆಣ್ಣಾದರೂ ಒಂದೇ ಡಬ್ಬಿ. ಮನೆಯವರು "ಗಂಡು ಕಣಮ್ಮಿ, ಇನ್ನೊಂದು ಸ್ವಲ್ಪ ಜಾಸ್ತಿ ಕೊಡಾನ" ಎಂದರೆ ಅಲ್ಲೇ ತಡೆಯಿರಿ. ಕರೆದುಕೊಂಡು ಹೋದ ಆಶಾಳಿಗೂ ಒಂದು ಪೊಟ್ಟಣ ಎತ್ತಿಟ್ಟಿರಿ, ರಾತ್ರಿಯೆಲ್ಲ ನಿಮ್ಮ ಜೊತೆ ಬೆಂಚಿನ ಮೇಲೆ ಕೂತವಳು ಅವಳು.

ಕೈಯಲ್ಲಿ ಆಗ ಏನೂ ಇಲ್ಲವೇ? ನಮ್ಮ ಕಡೆ ಹೊಗೆಸೊಪ್ಪಿನ ಹರಾಜು ಮುಗಿದು ದುಡ್ಡು ಕೈಗೆ ಬರುವ ತನಕ ಎಲ್ಲರ ಮನೆಯಲ್ಲೂ ಅಷ್ಟೇ. ಚಿಂತೆಯಿಲ್ಲ. ಒಂದೂವರೆ ತಿಂಗಳಿಗೆ ಕೂಸಿಗೆ ಲಸಿಕೆ ಹಾಕಿಸಲು ಹೇಗೂ ಹೋಗುತ್ತೀರಿ. ಹೆರಿಗೆಯಾದದ್ದು ಅದೇ ಆಸ್ಪತ್ರೆಯಾದರೆ ಕೂಸನ್ನು ಎತ್ತಿಕೊಂಡು ವಾರ್ಡಿನ ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ. ಹೆರಿಗೆ ಮಾಡಿಸಿದ ಕೂಸು ಆಮೇಲೆ ಹೇಗಾಯಿತೆಂದು ನೋಡುವ ಅವಕಾಶ ಅವರಿಗೆ ಸಿಗುವುದೇ ಇಲ್ಲ, ಒಂದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅವಲಕ್ಕಿ ಡಬ್ಬಿ ಮೇಜಿನ ಮೇಲಿಡಿ, ಕೂಸನ್ನು ಸಿಸ್ಟರ ಕೈಗೆ ಕೊಡಿ. ಮೊದಲು ತೂಕ ಎಷ್ಟಾಯಿತೆಂದು ಕೇಳುತ್ತಾರೆ, ತಾಯಿ ಕಾರ್ಡು ಕೈಯಲ್ಲೇ ಹಿಡಿದುಕೊಂಡಿರಿ.